ಕಿಟಕಿಯೋ ಮಾಡವೋ: ಚಿತ್ರಕ್ಕೆ ಹಾಕುವ ಕಟ್ಟಿನ ವಿಚಾರ

ಐಹೊಳೆಯ ದುರ್ಗದ ಗುಡಿಯ ಸುತ್ತ ಕಂಬಸಾಲಿನ ಒಂದು ಪಡಸಾಲೆ ಇದೆ. (ದುರ್ಗ ಅಂದರೆ ಇಲ್ಲಿ ಕೋಟೆ, ದೇವಿಯ ಹೆಸರಲ್ಲ.) ಅದರೊಳಗೆ ನಿಧಾನಕ್ಕೆ ಒಂದು ಸುತ್ತು ಬಂದರೆ ಗೋಡೆಯ ಉದ್ದಕ್ಕೂ ಎರಡು ಬಗೆಯ ಚೌಕಟ್ಟುಗಳು ಕಾಣುತ್ತವೆ. ಒಂದು ದೇವಕೋಷ್ಠ, ಅಂದರೆ ಮೂರ್ತಿ ನಿಲ್ಲಿಸುವ ಗೋಡೆಯ ಗೂಡು. ಇನ್ನೊಂದು ಜಾಲಂಧ್ರ, ಅಂದರೆ ಕಲ್ಲಿನ ಜಾಲರಿಯ ಕಿಟಕಿ. ಕೋಷ್ಠಗಳಲ್ಲಿ ಮಹಿಷಾಸುರಮರ್ದಿನಿ, ವರಾಹ, ನರಸಿಂಹ, ಹರಿಹರ ನಿಂತಿದ್ದಾರೆ. ಜಾಲಂಧ್ರಗಳಲ್ಲಿ ಯಾರೂ ಇಲ್ಲ, ಬೆಳಕು ಹಾದುಹೋಗುತ್ತದೆ, ಅಷ್ಟೆ. ಎರಡಕ್ಕೂ ಅಂಚು ಇದೆ. ಆದರೆ ನೋಡುವವರಿಗೆ ಆಗುವ ಅನುಭವ ಒಂದೇ ಅಲ್ಲ. ಜಾಲಂಧ್ರದ ಮುಂದೆ ನಿಂತಾಗ ಕಣ್ಣು ಆಚೆಗೆ ಹೋಗುತ್ತದೆ. ಕೋಷ್ಠದ ಮುಂದೆ ನಿಂತಾಗ ಒಳಗಿರುವವರೇ ನಮ್ಮ ಕಡೆಗೆ ಬರುತ್ತಾರೆ.

ಚಿತ್ರಕ್ಕೆ ಕಟ್ಟು ಹಾಕಿಸುವ ವಿಚಾರವನ್ನು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಯಾಕೆಂದರೆ ಫ್ರೇಮ್ ಅಂಗಡಿಯಲ್ಲಿ ಆಗುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಈ ಎರಡನ್ನು ಕಲಸಿಬಿಡುವುದರಿಂದ ಆಗುತ್ತವೆ. ಚಿತ್ರ ಕಿಟಕಿಯೋ, ಮಾಡವೋ (ಗೋಡೆಯ ಗೂಡೋ)? ಅದನ್ನು ಕೇಳಿಕೊಳ್ಳದೆ ಪಟ್ಟಿಯ ಬಣ್ಣ, ಅಗಲ, ದರ ಅಂತ ಹೊರಟರೆ ಎಷ್ಟು ದುಡ್ಡು ಹಾಕಿದರೂ ಚಿತ್ರ ಗೋಡೆಯ ಮೇಲೆ ಪರಕೀಯವಾಗಿಯೇ ಉಳಿಯುತ್ತದೆ.

ಕಿಟಕಿಯ ಮಾತು ಬಂದದ್ದು ಇಟಲಿಯಿಂದ. 1435ರಲ್ಲಿ ಆಲ್ಬರ್ಟಿ ಎಂಬ ವಾಸ್ತುಶಿಲ್ಪಿ ಚಿತ್ರಕಲೆಯ ಬಗ್ಗೆ ಬರೆಯುತ್ತ, ತಾನು ಮೊದಲು ಒಂದು ಆಯತ ಗೀಚಿ, ಅದನ್ನು ತೆರೆದ ಕಿಟಕಿ ಎಂದು ಭಾವಿಸಿ, ಅದರ ಮೂಲಕ ಚಿತ್ರದ ವಸ್ತುವನ್ನು ನೋಡುತ್ತೇನೆ ಎಂದ. ದೂರ ಹೋದಂತೆ ಕಿರಿದಾಗುವ ರಸ್ತೆ, ಮಸುಕಾಗುವ ಗುಡ್ಡ, ಎಲ್ಲವೂ ಆ ಕಿಟಕಿಯ ಆಚೆಗಿನ ಲೋಕ. ಅಂಥ ಚಿತ್ರಕ್ಕೆ ಒಪ್ಪುವ ಚೌಕಟ್ಟು ಹೊರಗಿನ ಅಂಚಿನಲ್ಲಿ ಎತ್ತರವಾಗಿದ್ದು, ಚಿತ್ರದ ಕಡೆಗೆ ಇಳಿಜಾರಾಗಿ ಇಳಿಯುತ್ತದೆ. ಬಾವಿಯ ಕಟ್ಟೆಯ ಹಾಗೆ ಅದು ಕಣ್ಣನ್ನು ಒಳಕ್ಕೆ ಜಾರಿಸುತ್ತದೆ. 1639ರಲ್ಲಿ ಪೂಸ್ಯಾ ಎಂಬ ಫ್ರೆಂಚ್ ಚಿತ್ರಕಾರ ತನ್ನ ಚಿತ್ರವೊಂದನ್ನು ಕೊಂಡವನಿಗೆ ಕಾಗದ ಬರೆದು, ದಯವಿಟ್ಟು ಇದಕ್ಕೊಂದು ಚೌಕಟ್ಟು ಹಾಕಿಸು, ಇಲ್ಲದಿದ್ದರೆ ನೋಟ ಚಿತ್ರದಲ್ಲಿ ನಿಲ್ಲದೆ ಅಕ್ಕಪಕ್ಕದ ವಸ್ತುಗಳ ಮೇಲೆ ಚದುರಿಹೋಗುತ್ತದೆ ಎಂದು ಕೇಳಿಕೊಂಡ. ಅದೂ ಹೊಳಪಿಲ್ಲದ ಮಂಕು ಚಿನ್ನದ್ದೇ ಇರಲಿ, ಅದು ಬಣ್ಣಗಳ ಜೊತೆ ಜಗಳ ಆಡುವುದಿಲ್ಲ ಎಂದೂ ಸೇರಿಸಿದ. ಇಂದು ಅಂಗಡಿಯಲ್ಲಿ ಮಿರಮಿರ ಮಿಂಚುವ ಬಂಗಾರದ ಪಟ್ಟಿ ಆರಿಸುವವರಿಗೆ ಆ ಸಲಹೆ ಇನ್ನೂ ಹಳೆಯದಾಗಿಲ್ಲ.

ಹಾಗಂತ ಯುರೋಪಿನವರೆಲ್ಲ ಕಿಟಕಿಯವರು, ನಾವೆಲ್ಲ ಮಾಡದವರು ಎಂದು ಗೆರೆ ಎಳೆದರೆ ತಪ್ಪಾಗುತ್ತದೆ. ಅಲ್ಲಿನ ಚರ್ಚುಗಳ ಹಳೆಯ ಪೂಜಾಚಿತ್ರಗಳಿಗೂ ಕಂಬ, ಕಮಾನು, ಶಿಖರ ಇರುವ ಗುಡಿಯಂಥ ಚೌಕಟ್ಟುಗಳಿದ್ದವು. ಎಷ್ಟೋ ಸಲ ಚಿತ್ರದ ಹಲಗೆ, ಚೌಕಟ್ಟು ಎರಡನ್ನೂ ಒಂದೇ ಮರದಲ್ಲಿ ಕೆತ್ತುತ್ತಿದ್ದರು. ದೇವರನ್ನು ಕೂರಿಸಬೇಕಾದಾಗ ಎಲ್ಲ ಊರಿನ ಕೈಗಳೂ ಗೂಡನ್ನೇ ಮಾಡಿವೆ.

ನಮ್ಮ ಕಡೆ ಮಾತ್ರ ಆ ಗೂಡು ಮನೆಯೊಳಗೂ ಬಂದು ಕೂತಿತು. ಬಾಗಲಕೋಟೆ, ವಿಜಯಪುರ ಕಡೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಗೋಡೆ ಎರಡು ಅಡಿ ದಪ್ಪ ಇರುವುದು ಸಾಮಾನ್ಯ. ಅಷ್ಟು ದಪ್ಪದ ಗೋಡೆಯಲ್ಲಿ ದೀಪಕ್ಕೊಂದು ಮಾಡ, ದೇವರಿಗೊಂದು ಮಾಡ ಬಿಡುವುದು ಸಹಜ. ಸಿಮೆಂಟಿನ ಮನೆ ಬಂದು ಗೋಡೆ ಒಂಬತ್ತು ಇಂಚಿಗೆ ಇಳಿದಾಗ ಮಾಡ ಹೋಯಿತು, ಆ ಜಾಗಕ್ಕೆ ಕಟ್ಟು ಹಾಕಿಸಿದ ಫೋಟೊ ಬಂತು. ಬನಶಂಕರಿ, ಯಲ್ಲಮ್ಮ, ಬಸವಣ್ಣ, ಈಗ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ, ಎಲ್ಲರೂ ನೇರ ಮುಂದಕ್ಕೆ ನೋಡುವವರು. ಗಾಜಿನ ಮೇಲೆ ಕುಂಕುಮ ಹಚ್ಚುತ್ತೇವೆ, ಕಟ್ಟಿನ ಮೇಲಂಚಿಗೆ ಹೂ ಏರಿಸುತ್ತೇವೆ. ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಭಾವಚಿತ್ರವೂ ಅದೇ ಸಾಲಿಗೆ ಸೇರುತ್ತದೆ. ಆ ಫೋಟೊವನ್ನು ನಾವು ಕಿಟಕಿಯ ಹಾಗೆ ನೋಡುವುದಿಲ್ಲ. ಅದು ನಮ್ಮನ್ನು ನೋಡುತ್ತದೆ.

ಕಟ್ಟು ಎಂಬ ಮಾತಿನ ಕುಟುಂಬ ದೊಡ್ಡದು. ಕಟ್ಟಡ, ಕಟ್ಟೆ, ಕಟ್ಟಳೆ, ಕಟ್ಟುಪಾಡು ಎಲ್ಲ ಅದರ ಬಳಗ. ಬಾಗಿಲಿಗೂ ಚೌಕಟ್ಟು ಅನ್ನುತ್ತೇವೆ, ಚಿತ್ರಕ್ಕೂ ಚೌಕಟ್ಟು ಅನ್ನುತ್ತೇವೆ. ಹೊಸ್ತಿಲ ಮೇಲೆ ನಿಂತು ಮಾತಾಡಬಾರದು ಎನ್ನುವ ಮನೆಗಳಲ್ಲಿ ಚೌಕಟ್ಟು ಬರೀ ಮರದ ತುಂಡಲ್ಲ, ಒಳಗು ಹೊರಗಿನ ನಡುವಿನ ಗಡಿ.

ಹಳೆಯ ಮನೆಗಳಲ್ಲಿ ಫೋಟೊಗಳನ್ನು ಬಾಗಿಲಿನ ಮೇಲೆ, ಆರೂವರೆ ಏಳು ಅಡಿ ಎತ್ತರದಲ್ಲಿ, ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದರು. ಇದನ್ನು ಹಳೆಯ ಕಾಲದ ಅಡ್ಡಾದಿಡ್ಡಿ ಅಂತ ಈಗಿನವರು ನೆಟ್ಟಗೆ ಮಾಡಿಸುತ್ತಾರೆ. ಅದರಲ್ಲಿ ಲೆಕ್ಕ ಇತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ಕಣ್ಣು ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಅಷ್ಟು ಕೆಳಗಿನಿಂದ ನೆಟ್ಟಗಿನ ಫೋಟೊ ನೋಡಿದರೆ ಮುಖ ಕುಗ್ಗಿದಂತೆ ಕಾಣುತ್ತದೆ, ಗಾಜಿನಲ್ಲಿ ಎದುರಿನ ಮೇಲ್ಗಡೆಯ ಬೆಳಕು ಹೊಳೆಯುತ್ತದೆ. ಸಾಕಷ್ಟು ಮುಂದಕ್ಕೆ ಬಾಗಿದ ಗಾಜು ಆ ಬೆಳಕಿನ ಬದಲು ನೆಲವನ್ನು ಪ್ರತಿಫಲಿಸುತ್ತದೆ. ನೆಲ ಕಪ್ಪು, ಹಾಗಾಗಿ ಚಿತ್ರ ಸ್ವಚ್ಛ. ಬಾಗು ಹೆಚ್ಚು ಬೇಕಾದರೆ ಹಗ್ಗ ಕಟ್ಟುವ ಬಳೆಯನ್ನು ಕಟ್ಟಿನ ಹಿಂಬದಿಯಲ್ಲಿ ಕೆಳಕ್ಕೆ ಇಳಿಸಬೇಕು, ಕಡಿಮೆ ಬೇಕಾದರೆ ಮೇಲಕ್ಕೆ ಏರಿಸಬೇಕು. ಆ ಬಾಗಿನ ಹಿಂದೆ ಗುಬ್ಬಿ ಗೂಡು ಕಟ್ಟುತ್ತಿದ್ದುದು ನೆನಪಿರುವವರು ಇನ್ನೂ ಇದ್ದಾರೆ.

ಈಗ ನಾವು ಕುರ್ಚಿಯಲ್ಲಿ ಕೂರುತ್ತೇವೆ, ನಿಂತು ನೋಡುತ್ತೇವೆ. ವಸ್ತುಸಂಗ್ರಹಾಲಯಗಳಲ್ಲಿ ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಎತ್ತರಕ್ಕೆ ಬರುವಂತೆ ತೂಗುವ ರೂಢಿ ಇದೆ. ಮನೆಯಲ್ಲಿ ಕೂತು ನೋಡುವ ಕೋಣೆಗೆ ಅದಕ್ಕಿಂತ ನಾಲ್ಕೈದು ಇಂಚು ಇಳಿಸಿದರೆ ಹಿತ. ದೇವರ ಫೋಟೊವನ್ನು ಮೇಲೆ ಇಡುವುದು ಗೌರವದ ಮಾತು, ಅದು ಹಾಗೇ ಇರಲಿ. ಜಲವರ್ಣದ ನಿಸರ್ಗಚಿತ್ರವನ್ನೂ ಅದೇ ಎತ್ತರಕ್ಕೆ ಏರಿಸುವುದು ಮಾತ್ರ ಚಿತ್ರಕ್ಕೆ ಅನ್ಯಾಯ.

ವಿಜಯಪುರದಲ್ಲಿ ಚೌಕಟ್ಟಿನ ಇನ್ನೆರಡು ಪಾಠಗಳಿವೆ. ಜಾಮಿಯಾ ಮಸೀದಿಯ ಮಿಹ್ರಾಬಿಗೆ (ಪ್ರಾರ್ಥನೆಯ ದಿಕ್ಕು ತೋರಿಸುವ ಗೋಡೆಯ ಗೂಡಿಗೆ) ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1636ರಲ್ಲಿ, ಚಿನ್ನ ಮತ್ತು ಬಣ್ಣದ ಕೆಲಸ ಆಯಿತು. ಅದರಲ್ಲಿ ಸಣ್ಣ ಸಣ್ಣ ಮಾಡಗಳನ್ನು ಬಣ್ಣದಲ್ಲೇ ಬರೆದು, ಅವುಗಳೊಳಗೆ ಹೂದಾನಿ, ಪುಸ್ತಕ ಇಟ್ಟಂತೆ ಬರೆದಿದ್ದಾರೆ. ಮಿಹ್ರಾಬೇ ಒಂದು ಮಾಡ, ಅದರ ಮೈಮೇಲೆ ಮತ್ತೆ ಬರೆದ ಮಾಡಗಳು. ಚೌಕಟ್ಟಿಗೆ ಮರವೇ ಬೇಕಿಲ್ಲ, ನೆರಳಿನ ಒಂದು ಗೆರೆ ಸಾಕು ಎಂದು ಅದು ತೋರಿಸುತ್ತದೆ.

ಇನ್ನೊಂದು ಪಾಠ ಹಾಶಿಯಾ, ಅಂದರೆ ಪುಟದ ಅಂಚು. ಆದಿಲ್‌ಶಾಹಿ ಕಾಲದ ಕಿರುಚಿತ್ರಗಳು ಗೋಡೆಯ ಮೇಲೆ ತೂಗಲು ಬರೆದವಲ್ಲ, ಕೈಯಲ್ಲಿ ಹಿಡಿದು ನೋಡಲು ಬರೆದವು. ಚಿತ್ರದ ಸುತ್ತ ಚಿನ್ನ ಮತ್ತು ಬಣ್ಣದ ತೆಳು ಗೆರೆಗಳು, ಅದರಾಚೆ ಅಗಲವಾದ ಅಲಂಕೃತ ಅಂಚು. ಇವು ಎಷ್ಟೋ ಸಲ ಚಿತ್ರ ಬರೆದವರ ಕೆಲಸವೇ ಅಲ್ಲ. ಚಿತ್ರ ಕೈಬದಲಾಗಿ ಬೇರೆ ಸಂಪುಟಕ್ಕೆ ಅಂಟಿದಾಗ ಹೊಸ ಒಡೆಯನ ಕುಶಲಿಗಳು ಹೊಸ ಅಂಚು ಬರೆಯುತ್ತಿದ್ದರು. ಎರಡನೇ ಇಬ್ರಾಹಿಂ ಆದಿಲ್‌ಶಾಹ ಕುದುರೆಯ ಮೇಲೆ ಗಿಡುಗ ಹಿಡಿದು ಹೊರಟ ಪ್ರಸಿದ್ಧ ಚಿತ್ರ, ಫರುಖ್ ಬೇಗ್ ಬರೆದದ್ದೆಂದು ಹೇಳಲಾಗುವಂಥದ್ದು, ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಅದು ಸೇರಿರುವ ಸಂಪುಟದ ಅಂಚುಗಳು 18ನೇ ಶತಮಾನದ ಇರಾನಿನವು. ವಿಜಯಪುರದ ಅರಸನನ್ನು ನಾವು ಇಂದು ಇರಾನಿನ ಹೂಬಳ್ಳಿಗಳ ನಡುವೆ ನೋಡುತ್ತೇವೆ. ಇಂದಿನ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಇಡುವ ಕಿಂಡಿ ಕೊಯ್ದ ದಪ್ಪ ರಟ್ಟು, ಆ ಹಾಶಿಯಾದ ಬಡ ಮೊಮ್ಮಗ. ಕೆಲಸ ಮಾತ್ರ ಅದೇ: ಚಿತ್ರಕ್ಕೂ ಮರಕ್ಕೂ ನಡುವೆ ಉಸಿರಾಡುವಷ್ಟು ಜಾಗ ಬಿಡುವುದು.

ಇಷ್ಟು ತಿಳಿದು ಅಂಗಡಿಗೆ ಹೋಗೋಣ. ಒಳಗೆ ಕಾಲಿಟ್ಟ ಕೂಡಲೇ ಬರುವ ಪ್ರಶ್ನೆ, "ಪಟ್ಟಿ ಎಷ್ಟ ಇಂಚಿಂದ ಇರ್ಲಿ ಅಕ್ಕಾರ?" ಎಂಬುದು. ಉತ್ತರ ಹೇಳುವ ಮೊದಲು ಚಿತ್ರವನ್ನು ಮೇಜಿನ ಮೇಲೆ ಬಿಚ್ಚಿಡಬೇಕು. "ಮೊದ್ಲ ಚಿತ್ರ ನೋಡ್ರಿ ಅಣ್ಣಾ, ಆಮ್ಯಾಲ ಪಟ್ಟಿ ತಗೀರಿ" ಎಂದು ಕೇಳಿಕೊಂಡರೆ ಒಳ್ಳೆಯ ಕೆಲಸಗಾರರು ಖುಷಿಯಿಂದಲೇ ನಿಲ್ಲುತ್ತಾರೆ.

ಪಟ್ಟಿಯನ್ನು ಮುಂದಿನಿಂದ ನೋಡಿದರೆ ಸಾಲದು. ಕೊಯ್ದ ತುದಿಯನ್ನು ತಿರುಗಿಸಿ ಅದರ ಅಡ್ಡಸೀಳು ನೋಡಬೇಕು. ಹೊರಗೆ ಎತ್ತರ, ಒಳಗೆ ತಗ್ಗು ಇದ್ದರೆ ಅದು ಕಿಟಕಿಯ ಪಟ್ಟಿ. ಗೋಕಾಕ ಜಲಪಾತದ ಚಿತ್ರ, ರಸ್ತೆ, ಹೊಲ, ಸಂತೆಯ ನೋಟ, ಆಳ ಇರುವ ಯಾವುದಕ್ಕೂ ಅದು ಒಪ್ಪುತ್ತದೆ. ಚಿತ್ರಕ್ಕೆ ತಾಗುವ ಅಂಚೇ ಎತ್ತರವಾಗಿದ್ದು ಹೊರಕ್ಕೆ ಗೋಡೆಯ ಕಡೆ ಇಳಿದಿದ್ದರೆ ಅದು ಚಿತ್ರವನ್ನು ಮುಂದಕ್ಕೆ ತಳ್ಳುತ್ತದೆ. ನೇರ ಮುಖದ ಭಾವಚಿತ್ರ, ದೇವರ ಚಿತ್ರ, ಮೈಸೂರು ಶೈಲಿಯ ಚಿನ್ನದ ಕೆಲಸ ಇವಕ್ಕೆ ಅದು ಸರಿ. ಇದನ್ನು ತಿರುವುಮುರುವು ಮಾಡಿದಾಗ ಆಗುವ ಅನರ್ಥ ಕಣ್ಣಿಗೆ ಕಾಣುತ್ತದೆ, ಕಾರಣ ಮಾತ್ರ ಹೊಳೆಯುವುದಿಲ್ಲ. ದೇವರು ಬಾವಿಯಲ್ಲಿ ಕೂತಂತೆ, ಗುಡ್ಡ ಮೂಗಿಗೆ ಬಡಿದಂತೆ ಅನಿಸುತ್ತದೆ.

ಬೆಳಕಿಂಡಿಯಿಂದ ಮೇಲಿನ ಬೆಳಕು ಬರುವ ಮನೆಯಾದರೆ ಇನ್ನೊಂದು ಎಚ್ಚರಿಕೆ ಬೇಕು. ಬೆಳಕು ನೆಲಮಟ್ಟಕ್ಕೆ 60 ಡಿಗ್ರಿ ಕೋನದಲ್ಲಿ ಇಳಿಯುತ್ತಿದ್ದರೆ, ಚಿತ್ರದ ಮುಂದೆ 1 ಇಂಚು ಚಾಚಿದ ಪಟ್ಟಿ ಚಿತ್ರದ ಮೇಲ್ಭಾಗದಲ್ಲಿ ಸುಮಾರು 1.7 ಇಂಚಿನ ನೆರಳು ಬೀಳಿಸುತ್ತದೆ. ಆಕಾಶ ಇರುವ ಚಿತ್ರದಲ್ಲಿ ಆ ನೆರಳು ಮೋಡದ ಹಾಗೆ ಕೂತುಬಿಡುತ್ತದೆ. ಅಂಥ ಕಡೆ ಅರ್ಧ ಇಂಚಿಗಿಂತ ಹೆಚ್ಚು ಚಾಚದ ಪಟ್ಟಿ ಆರಿಸಬೇಕು.

ಬಣ್ಣದ ವಿಷಯದಲ್ಲಿ ಫ್ರಾನ್ಸಿನ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ 1839ರಲ್ಲೇ ದಾರಿ ತೋರಿದ್ದಾನೆ. ಜಮಖಾನೆ ನೇಯುವ ರಾಜಕಾರ್ಖಾನೆಯಲ್ಲಿ ಬಣ್ಣದ ಕೆಲಸದ ಮೇಲ್ವಿಚಾರಣೆ ಮಾಡುತ್ತಿದ್ದವನು ಅವನು. ನೂಲಿನ ಬಣ್ಣ ಮಂಕಾಗಿದೆ ಎಂಬ ದೂರನ್ನು ತನಿಖೆ ಮಾಡಿ, ತಪ್ಪು ಬಣ್ಣದ್ದಲ್ಲ, ಪಕ್ಕದ ಬಣ್ಣದ್ದು ಎಂದು ಕಂಡುಕೊಂಡ. ಇಳಕಲ್ಲಿನ ನೇಕಾರರಿಗೆ ಇದು ಹೊಸ ಸುದ್ದಿ ಅಲ್ಲ. ಅದೇ ಹಸಿರು ಮೈ ಕೆಂಪು ದಡಿಯ ಪಕ್ಕ ಒಂದು ಹಸಿರು, ಹಳದಿ ದಡಿಯ ಪಕ್ಕ ಇನ್ನೊಂದು ಹಸಿರು. ಕಟ್ಟಿಗೂ ಇದೇ ನಿಯಮ. ಬೂದು ಪಟ್ಟಿಯನ್ನು ಹಳದಿ ಹೆಚ್ಚಿರುವ ಚಿತ್ರದ ಪಕ್ಕ ಇಟ್ಟರೆ ಅದು ನೇರಳೆಗೆ ತಿರುಗಿದಂತೆ ಕಾಣುತ್ತದೆ. ಕಡುಗಪ್ಪು ಪಟ್ಟಿ ಚಿತ್ರವನ್ನು ತಿಳಿಗೊಳಿಸುತ್ತದೆ. ಹಾಲುಬಿಳಿ ಮೌಂಟು ಹಳೆಯ ಕಾಗದದ ಚಿತ್ರವನ್ನು ಮಾಸಲು ಮಾಡುತ್ತದೆ. ಆದ್ದರಿಂದ ಮೌಂಟು ಯಾವಾಗಲೂ ಚಿತ್ರದಲ್ಲಿನ ಅತಿ ಬೆಳ್ಳಗಿನ ಜಾಗಕ್ಕಿಂತ ಒಂದು ಕೂದಲೆಳೆ ಮಂಕಾಗಿರಲಿ. ಚಿತ್ರದಲ್ಲಿರುವ ಕೆಂಪಿಗೆ ಹೊಂದಲಿ ಅಂತ ಕೆಂಪು ಮೌಂಟು ಹಾಕಿಸುವುದು ಎಲ್ಲ ಕಡೆ ನಡೆಯುವ ತಪ್ಪು. ಆ ಕೆಂಪು ಚಿತ್ರದೊಳಗಿನ ಸಣ್ಣ ಕೆಂಪನ್ನು ನುಂಗಿಹಾಕುತ್ತದೆ.

ಅಳತೆಗೆ ಬರೋಣ. ಚಿತ್ರ 12×18 ಇಂಚು ಎಂದಿಟ್ಟುಕೊಳ್ಳಿ. ಮೌಂಟಿನ ಕಿಂಡಿ ಪ್ರತಿ ಬದಿಯಲ್ಲೂ ಚಿತ್ರವನ್ನು ಕಾಲು ಇಂಚು ಮುಚ್ಚಬೇಕು, ಹಾಗಾಗಿ ಕಿಂಡಿ 11.5×17.5. ಮೌಂಟು ಮೇಲೆ ಮತ್ತು ಎರಡು ಪಕ್ಕ 3 ಇಂಚು, ಕೆಳಗೆ 3.5. ಕೆಳಗಿನ ಆ ಅರ್ಧ ಇಂಚು ದುಂದು ಅಲ್ಲ. ನಾಲ್ಕೂ ಕಡೆ ಸಮ ಇಟ್ಟರೆ ಚಿತ್ರ ಕೆಳಕ್ಕೆ ಜಾರಿದಂತೆ ಕಣ್ಣಿಗೆ ತೋರುತ್ತದೆ. ಹೊರ ಅಳತೆ 17.5×24 ಆಯಿತು. ಪಟ್ಟಿ 1.5 ಇಂಚು ಅಗಲದ್ದಾದರೆ ಬೇಕಾಗುವ ಉದ್ದ ಹೀಗೆ: ಉದ್ದ ಅಗಲ ಕೂಡಿಸಿ ಎರಡರಿಂದ ಗುಣಿಸಿ (83), ಅದಕ್ಕೆ ಪಟ್ಟಿಯ ಅಗಲದ ಎಂಟರಷ್ಟು (12) ಸೇರಿಸಿ. ಒಟ್ಟು 95 ಇಂಚು. ಗರಗಸ ತಿನ್ನುವುದು, ತುದಿ ಕತ್ತರಿಸುವುದು ಸೇರಿ ಎಂಟೂವರೆ ಅಡಿ ಬೇಕು. ಅಂಗಡಿಯ ಪಟ್ಟಿ ಅಷ್ಟು ಉದ್ದ ಇದ್ದರೆ ಒಂದರಲ್ಲೇ ಮುಗಿಯುವ ಕೆಲಸ ಇದು. ಮೌಂಟಿನ ಅಗಲವನ್ನು ಅರ್ಧ ಇಂಚು ಹೆಚ್ಚಿಸಿ ಎರಡನೇ ಪಟ್ಟಿಯ ಖರ್ಚಿಗೆ ಬೀಳುವ ಮೊದಲು ಈ ಲೆಕ್ಕ ಹಾಕಿ ನೋಡಿ. ಮೌಂಟಿನ ಅಗಲ ಮತ್ತು ಪಟ್ಟಿಯ ಅಗಲ ಒಂದೇ ಆಗಬಾರದು ಎಂಬುದನ್ನೂ ನೆನಪಿಡಿ. ಒಂದೇ ಆದರೆ ಕಣ್ಣು ಚಿತ್ರ ಬಿಟ್ಟು ಪಟ್ಟೆ ಎಣಿಸುತ್ತದೆ.

ಗಾಜು ಕೂರುವ ಒಳಮೆಟ್ಟಿಲಿನ ಅಳತೆ, ಗಾಜಿಗಿಂತ ಒಂದು ಸೂತ ದೊಡ್ಡದಿರಬೇಕು. ಬಡಿಗೇರ ಲೆಕ್ಕದ ಒಂದು ಸೂತ ಅಂದರೆ ಇಂಚಿನ ಎಂಟನೇ ಒಂದು ಪಾಲು, ಸುಮಾರು 3 ಮಿಲಿಮೀಟರು. ಬಿಗಿಯಾಗಿ ಕೂರಿಸಿದರೆ ಮರ ಸರಿದಾಡಿದಾಗ ಗಾಜಿನ ಮೂಲೆ ಸೀಳುತ್ತದೆ.

ಮೂಲೆಗಳದೇ ಒಂದು ದೊಡ್ಡ ಕತೆ. ನಾಲ್ಕು ಮೂಲೆಗೆ ಎಂಟು ಕೊಯ್ತ, ಪ್ರತಿಯೊಂದೂ 45 ಡಿಗ್ರಿ. ಯಂತ್ರ ಅರ್ಧ ಡಿಗ್ರಿ ಓರೆ ಇದ್ದರೆ ಒಂದು ಕೊಯ್ತದಲ್ಲಿ ಗೊತ್ತೇ ಆಗುವುದಿಲ್ಲ. ಎಂಟು ಸೇರಿ ಕೊನೆಯ ಮೂಲೆಯಲ್ಲಿ 4 ಡಿಗ್ರಿ ಬಾಯಿ ಬಿಡುತ್ತದೆ. ಅದನ್ನು ಮೊಳೆ ಹೊಡೆದು ಎಳೆದು ಕೂರಿಸಿ, ಮೇಣ ತುಂಬಿ, ಬಣ್ಣ ಸವರಿ ಕೊಡುವುದುಂಟು. ಮೊದಲ ಮಳೆಗಾಲಕ್ಕೆ ಅದು ಮತ್ತೆ ತೆರೆಯುತ್ತದೆ. ಎದುರುಬದುರಿನ ಪಟ್ಟಿಗಳು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಸಮ ಇರಬೇಕು. ಜೋಡಿಸಿದ ಮೇಲೆ ಮೂಲೆಯಿಂದ ಮೂಲೆಗೆ ಕರ್ಣ ಅಳೆದರೆ ಎರಡೂ ಒಂದೇ ಬರಬೇಕು. ಅಂಗಡಿಯಲ್ಲೇ ಟೇಪು ಹಿಡಿದು ನೋಡಿಕೊಳ್ಳಲು ಸಂಕೋಚ ಬೇಡ.

ಮರ ಉದ್ದಕ್ಕೆ ಸರಿದಾಡುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಈ ಒಂದು ಗುಣದಿಂದ ಬೆಳಗಾವಿಯ ಕಟ್ಟು, ವಿಜಯಪುರದ ಕಟ್ಟು ಬೇರೆ ಬೇರೆ ರೀತಿ ಕೆಡುತ್ತವೆ. ಬೆಳಗಾವಿಯಲ್ಲಿ ವರ್ಷಕ್ಕೆ ಬೀಳುವ ಮಳೆ ವಿಜಯಪುರದ ಸುಮಾರು ಎರಡು ಪಟ್ಟು. ಜುಲೈ ತಿಂಗಳ ತೇವದಲ್ಲಿ ಪಟ್ಟಿ ಉಬ್ಬಿ ಮೂಲೆಯ ಹೊರತುದಿ ಬಿರಿಯುತ್ತದೆ. ವಿಜಯಪುರದ ಏಪ್ರಿಲ್, ಮೇ ಬಿಸಿಲಲ್ಲಿ ಪಟ್ಟಿ ಒಣಗಿ ಕುಗ್ಗಿ ಮೂಲೆಯ ಒಳತುದಿ, ಚಿತ್ರದ ಕಡೆಗಿನದು, ಬಾಯಿ ಬಿಡುತ್ತದೆ. ಬಿರುಕು ಎಲ್ಲಿದೆ ಎಂದು ನೋಡಿಯೇ ಕಟ್ಟು ತೇವ ಕುಡಿದಿದೆಯೋ ಒಣಗಿದೆಯೋ ಹೇಳಬಹುದು. ಪಟ್ಟಿ ಅಗಲವಾದಷ್ಟೂ ಬಿರುಕು ದೊಡ್ಡದು. ಒಣ ಊರಿಗೆ ಒಯ್ಯುವ ಕಟ್ಟನ್ನು ಮಳೆಗಾಲದಲ್ಲಿ ಮಾಡಿಸದಿರುವುದು ಮೇಲು. ಹಳೆಯ ಸಾಗವಾನಿ ಪಟ್ಟಿ ಈ ವಿಷಯದಲ್ಲಿ ನಂಬಿಗಸ್ತ, ಹಸಿ ಕಟ್ಟಿಗೆ ಅಲ್ಲ. ಫೈಬರ್ ಅಂತ ಮಾರುವ ಪಟ್ಟಿ ಪ್ಲಾಸ್ಟಿಕ್, ಅದಕ್ಕೆ ತೇವದ ಭಯವಿಲ್ಲ, ಒರಲಿ ತಿನ್ನುವುದಿಲ್ಲ. ಆದರೆ ಮೂರು ಅಡಿ ದಾಟಿದ ಮೇಲೆ ತೆಳು ಫೈಬರ್ ಪಟ್ಟಿ ಗಾಜಿನ ಭಾರಕ್ಕೆ ಕೆಳಗೆ ಬಿಲ್ಲಿನಂತೆ ಬಾಗುತ್ತದೆ.

ಆ ಭಾರ ಎಷ್ಟು? ಗಾಜು ಒಂದು ಚದರ ಮೀಟರಿಗೆ, ಒಂದು ಮಿಲಿಮೀಟರು ದಪ್ಪಕ್ಕೆ, 2.5 ಕಿಲೊ. ನಮ್ಮ 17.5×24 ಕಟ್ಟಿನ 2 ಮಿಲಿಮೀಟರು ಗಾಜು ಹತ್ತಿರ ಹತ್ತಿರ 1.35 ಕಿಲೊ ತೂಗುತ್ತದೆ. ಸಾದಾ ಗಾಜು ತನ್ನ ಎರಡು ಮೈಗಳಿಂದ ಒಟ್ಟು ಸುಮಾರು ನೂರಕ್ಕೆ 8ರಷ್ಟು ಬೆಳಕನ್ನು ವಾಪಸು ಎಸೆಯುತ್ತದೆ. ಚಿತ್ರ ಕಪ್ಪಗಿದ್ದಷ್ಟೂ ನಮ್ಮ ಮುಖವೇ ಅದರಲ್ಲಿ ಹೆಚ್ಚು ಕಾಣುತ್ತದೆ. ಅದಕ್ಕೆ ಮ್ಯಾಟ್ ಗ್ಲಾಸು ಹಾಕಿಕೊಡುತ್ತಾರೆ. ಅದು ಚಿತ್ರಕ್ಕೆ ಅಂಟಿಕೊಂಡಂತಿದ್ದರೆ ಮಾತ್ರ ಸ್ಪಷ್ಟ. ನಡುವೆ ದಪ್ಪ ಮೌಂಟು ಬಂದರೆ ಚಿತ್ರ ಮಂಜಿನಲ್ಲಿ ಮುಳುಗುತ್ತದೆ. ಅಕ್ರಿಲಿಕ್ ಹಾಳೆ ಹಗುರ, ಒಡೆಯುವುದಿಲ್ಲ. ಇದ್ದಿಲು ಅಥವಾ ಪೇಸ್ಟಲ್ ಚಿತ್ರಕ್ಕೆ ಮಾತ್ರ ಬೇಡ. ಒರೆಸಿದಾಗ ಹುಟ್ಟುವ ಸ್ಥಿರವಿದ್ಯುತ್ತು ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ.

ಚಿತ್ರ ಗಾಜಿಗೆ ಎಂದೂ ತಾಗಬಾರದು. ಬೆಳಗಾವಿಯ ಮನೆಗಳಲ್ಲಿ ಹಳೆಯ ಮದುವೆ ಫೋಟೊಗಳು ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ಮಳೆಗಾಲದಲ್ಲಿ ಫೋಟೊದ ಮೇಲಿನ ಜೆಲಾಟಿನ್ ಪದರ ಮೆತ್ತಗಾಗಿ ಗಾಜಿಗೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾಗುತ್ತದೆ. ಆಮೇಲೆ ಬಿಡಿಸಲು ಹೋದವರ ಕೈಗೆ ಬರುವುದು ಬಿಳಿ ಕಾಗದ, ಮುಖ ಗಾಜಿನ ಮೇಲೆ ಉಳಿಯುತ್ತದೆ. ಹಾಗೆ ಅಂಟಿದ್ದು ಕಂಡರೆ ಎಳೆಯಬೇಡಿ, ಗಾಜಿನ ಸಮೇತ ಒಳ್ಳೆಯ ಸ್ಕ್ಯಾನ್ ಮಾಡಿಸಿ, ಗಾಜಿನ ಸಮೇತವೇ ಇಡಿ. ಹೊಸದಾಗಿ ಹಾಕಿಸುವಾಗ ಮೌಂಟು ಬೇಡ ಅನಿಸಿದರೂ ಒಳಮೆಟ್ಟಿಲಿನೊಳಗೆ 3 ಮಿಲಿಮೀಟರಿನ ತೆಳು ಪಟ್ಟಿ ಅಂಟಿಸಿ ಅಂತರ ಕೊಡಿಸಬೇಕು.

ಕಾಗದದ ಚಿತ್ರವನ್ನು ಮೌಂಟಿಗೆ ಕೂರಿಸುವಾಗ ಸುತ್ತಲೂ ಫೆವಿಕಾಲ್ ಹಚ್ಚಿಬಿಡುವ ಚಾಳಿ ಇದೆ. ಕಾಗದ ತೇವಕ್ಕೆ ಹಿಗ್ಗುತ್ತದೆ, ಹಿಗ್ಗಲು ಜಾಗ ಇಲ್ಲದೆ ಅಲೆ ಅಲೆಯಾಗಿ ಏಳುತ್ತದೆ. ಸರಿಯಾದ ದಾರಿ ಇದು: ಗಟ್ಟಿ ಎಳೆಯ ತೆಳು ಕೈಕಾಗದದ ಎರಡು ತುಂಡು, ಗೋಧಿ ಗಂಜಿಯ ಅಂಟು. ಆ ತುಂಡುಗಳನ್ನು ಚಿತ್ರದ ಮೇಲಂಚಿನ ಹಿಂಬದಿಗೆ ಮಾತ್ರ ಅಂಟಿಸಿ ತೂಗುಬಿಡುವುದು. ಉಳಿದ ಮೂರು ಬದಿ ಸ್ವತಂತ್ರ. ನಾಳೆ ಬಿಚ್ಚಬೇಕೆಂದರೆ ಒದ್ದೆ ಬಟ್ಟೆ ಸಾಕು. ಸೆಲೊಟೇಪು ಹತ್ತು ವರ್ಷದಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಅದನ್ನು ಹೊರತೆಗೆಯಲು ಬಹಳ ಕಷ್ಟ.

ಅಗ್ಗದ ಮೌಂಟ್ ಬೋರ್ಡಿನ ತಿರುಳಲ್ಲಿ ಆಮ್ಲ ಇರುತ್ತದೆ. ಕೆಲವೇ ವರ್ಷಗಳಲ್ಲಿ ಕಿಂಡಿಯ ಬಿಳಿ ಓರೆಯಂಚು ಕಂದಾಗುತ್ತದೆ, ಆ ಕಂದು ಚಿತ್ರದ ಮೇಲೂ ಗೆರೆಯಾಗಿ ಇಳಿಯುತ್ತದೆ. ಆಮ್ಲರಹಿತ ಬೋರ್ಡು ಬೇಕು ಅಂತ ಕೇಳಿ ತರಿಸಿಕೊಳ್ಳಬೇಕು. ಹಿಂದಿನ ಹಾರ್ಡ್‌ಬೋರ್ಡಿಗೂ ಇದೇ ದೋಷ ಇದೆ. ಅದರ ಮತ್ತು ಚಿತ್ರದ ನಡುವೆ ಅಂಥದೇ ಒಂದು ಬೋರ್ಡು ಅಥವಾ ಪಾಲಿಯೆಸ್ಟರ್ ಹಾಳೆ ಬರಲಿ. ಕೊನೆಗೆ ಹಿಂಬದಿಯ ಸಂದನ್ನೆಲ್ಲ ಕಂದು ಕಾಗದದ ಟೇಪಿನಿಂದ ಮುಚ್ಚಿ, ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತದೆ. ಗೋಡೆಯ ಹಸಿ ಕಟ್ಟಿಗೆ ಇಳಿಯುವುದಿಲ್ಲ.

ಬಟ್ಟೆಯನ್ನು ಕಟ್ಟಿಗೆ ಹಾಕಿಸುವ ಆಸೆ ಈಗ ಹೆಚ್ಚಾಗಿದೆ. ಅಜ್ಜಿಯ ಇಳಕಲ್ ಸೀರೆಯ ಟೋಪತೆನಿ ಸೆರಗು, ಗುಳೇದಗುಡ್ಡದ ಖಣ, ಕಸೂತಿಯ ತುಂಡು. ಇವು ಕಿಟಕಿಯೂ ಅಲ್ಲ, ಮಾಡವೂ ಅಲ್ಲ. ಇವುಗಳ ಚೌಕಟ್ಟು ನೇಯ್ಗೆಯಲ್ಲೇ ಇದೆ. ದಡಿಯೇ ಕಟ್ಟು. ಆ ದಡಿಯನ್ನು ಮೌಂಟಿನ ಕೆಳಗೆ ಮುಚ್ಚಿ ನಡುವಿನ ಚಿತ್ತಾರ ಮಾತ್ರ ತೋರಿಸುವುದು ಮುಖ ತೋರಿಸಿ ತಲೆ ಕತ್ತರಿಸಿದಂತೆ. ತುಂಡಿನ ಅಂಚು, ಎಳೆ ಬಿಟ್ಟ ಕುಚ್ಚು ಸಮೇತ ಕಾಣುವಂತೆ, ಚೆನ್ನಾಗಿ ತೊಳೆದ ಬಣ್ಣ ಹಾಕದ ಹತ್ತಿಬಟ್ಟೆಯ ಮೇಲೆ ಇಟ್ಟು, ಸಣ್ಣ ಸೂಜಿಯಲ್ಲಿ ಎಳೆಗಳ ನಡುವೆ ಹೊಲಿಗೆ ಹಾಕಿ ಕೂರಿಸಬೇಕು. ಗೋಂದು, ಮೊಳೆ, ಸ್ಟೇಪ್ಲರ್ ಯಾವುದೂ ಬೇಡ. ಕಸೂತಿಯಲ್ಲಿ ಗಾವಂತಿ ಮತ್ತು ಮುರಗಿ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣುತ್ತವೆ, ಅದೇ ಅವುಗಳ ಹೆಚ್ಚುಗಾರಿಕೆ. ಅಂಥ ತುಂಡಿಗೆ ಹಿಂದೆಯೂ ಗಾಜು ಹಾಕಿಸಿ, ಎರಡೂ ಕಡೆ ಅಂತರ ಕೊಟ್ಟು, ಮೇಜಿನ ಮೇಲೆ ನಿಲ್ಲಿಸಿದರೆ ಹೊಲಿದವರ ಜಾಣ್ಮೆ ಪೂರ್ತಿ ಕಾಣುತ್ತದೆ. ಬಟ್ಟೆಗೂ ಜಲವರ್ಣಕ್ಕೂ ಸಂಗ್ರಹಾಲಯಗಳು ಕೊಡುವ ಬೆಳಕು 50 ಲಕ್ಸ್ (ಬೆಳಕಿನ ಅಳತೆಯ ಮಾನ) ಮಾತ್ರ, ತೈಲವರ್ಣಕ್ಕೆ 200. ಕಿಟಕಿಯ ಎದುರಿನ ಗೋಡೆ ಅದಕ್ಕಿಂತ ಎಷ್ಟೋ ಪಟ್ಟು ಬೆಳಗಿರುತ್ತದೆ.

ಕ್ಯಾನ್ವಾಸಿನ ತೈಲಚಿತ್ರಕ್ಕೆ ಗಾಜೂ ಬೇಡ, ಮೌಂಟೂ ಬೇಡ. ಕಾಲು ಇಂಚು ಸಂದು ಬಿಟ್ಟು ಒಳಗೆ ತೇಲಿದಂತೆ ಕೂರಿಸುವ ಪಟ್ಟಿ ಈಗ ಎಲ್ಲ ಕಡೆ ಸಿಗುತ್ತದೆ, ಹೊಸ ಚಿತ್ರಗಳಿಗೆ ಅದು ಚೆನ್ನ. ಮೊಳೆಯನ್ನು ಕ್ಯಾನ್ವಾಸಿನ ಒಳಚೌಕಟ್ಟಿಗೆ ಹೊಡೆಯಬಾರದು, ಬಾಗಿಸಿದ ತಗಡಿನ ತುಂಡಿನಿಂದ ಹಿಡಿಸಬೇಕು. ಕ್ಯಾನ್ವಾಸು ಸಡಿಲಾದಾಗ ಹಿಂದಿನ ಮೂಲೆಗಳ ಮರದ ಬೆಣೆ ತಟ್ಟಿ ಬಿಗಿ ಮಾಡಲು ಅವಕಾಶ ಉಳಿಯಬೇಕು.

ಚಿತ್ರಕಾರರೇ ಕಟ್ಟನ್ನು ಬಿಟ್ಟುಕೊಡದ ಉದಾಹರಣೆಗಳೂ ಇವೆ. ವ್ಯಾನ್ ಗೋ 1887ರಲ್ಲಿ ಬರೆದ ಹಣ್ಣುಗಳ ಒಂದು ಹಳದಿ ಚಿತ್ರಕ್ಕೆ ಕಟ್ಟನ್ನೂ ತಾನೇ ಹಳದಿ ಬಳಿದ, ಅದು ಆಮ್‌ಸ್ಟರ್‌ಡಾಮಿನಲ್ಲಿ ಈಗಲೂ ಅದೇ ಕಟ್ಟಿನಲ್ಲಿದೆ. ಸ್ಯೂರಾ ತನ್ನ ದೊಡ್ಡ ನದೀತೀರದ ಚಿತ್ರಕ್ಕೆ ಕ್ಯಾನ್ವಾಸಿನ ಮೇಲೆಯೇ ಬಣ್ಣದ ಚುಕ್ಕೆಗಳ ಅಂಚು ಸೇರಿಸಿದ, ಹತ್ತಿರದ ಬಣ್ಣಕ್ಕೆ ಎದುರು ಬಣ್ಣ ಬರುವಂತೆ ಚುಕ್ಕೆ ಬದಲಾಗುತ್ತ ಹೋಗುತ್ತದೆ. 

ಹಳೆಯ ಕಟ್ಟು ಬಿಚ್ಚುವ ಪ್ರಸಂಗ ಬಂದರೆ ಆತುರ ಬೇಡ. ಅಮೆರಿಕದ ಶಿಕಾಗೊದಲ್ಲಿ ರೆನ್ವಾರ್ 1883ರಲ್ಲಿ ಬರೆದ ಮಹಿಳೆಯೊಬ್ಬರ ಭಾವಚಿತ್ರದ ಚೌಕಟ್ಟು ತೆಗೆದಾಗ, ಅದು ಮುಚ್ಚಿದ್ದ ಅಂಚಿನಲ್ಲಿ ಎದ್ದುಕಾಣುವ ಕೆಂಪು ಸಿಕ್ಕಿತು. ಉಳಿದ ಚಿತ್ರದ ಹಿನ್ನೆಲೆ ತಣ್ಣಗಿನ ನೀಲಿಬೂದು. ಬೆಳಕು ತಿಂದದ್ದು ಎಷ್ಟು ಎಂದು ಆ ಅಂಚಿನಿಂದ ತಿಳಿಯಿತು. ನಮ್ಮ ಮನೆಗಳ ರವಿವರ್ಮ ಛಾಪಿನ ಲಕ್ಷ್ಮಿ, ಸರಸ್ವತಿಯರ ಕಟ್ಟು ಬಿಚ್ಚಿದರೂ ಮರದ ಕೆಳಗೆ ಅವಿತಿದ್ದ ಕಾಲು ಇಂಚಿನಷ್ಟು ಅಗಲಕ್ಕೆ ಮೊದಲಿನ ಕೆಂಪು, ಮೊದಲಿನ ನೀಲಿ ಉಳಿದಿರುವುದು ಸಿಗಬಹುದು. ಹೊಸ ಕಟ್ಟಿಗೆ ಸರಿಹೊಂದಲಿ ಅಂತ ಆ ಅಂಚನ್ನೇ ಕತ್ತರಿಸಿ ಎಸೆಯುವವರಿದ್ದಾರೆ. ಕತ್ತರಿಸಲು ಬಿಡಬೇಡಿ. ಕಟ್ಟನ್ನೇ ದೊಡ್ಡದು ಮಾಡಿಸಿ. ಅಂಚಿನ ಫೋಟೊ ತೆಗೆದಿಟ್ಟುಕೊಳ್ಳಿ, ಹಿಂದಿನ ಹಲಗೆಯ ಮೇಲೆ ಅಂಗಡಿಯ ಚೀಟಿಯೋ ಪೆನ್ಸಿಲಿನ ಬರಹವೋ ಇದ್ದರೆ ಅದನ್ನು ಒಂದು ಲಕೋಟೆಯಲ್ಲಿ ಹಾಕಿ ಹೊಸ ಕಟ್ಟಿನ ಹಿಂಬದಿಗೆ ಅಂಟಿಸಿ.